ನಾಯಿ ಕರ್ಕೊಂಡು ಬಂದವರಿಗೆಲ್ಲ ನನ್ನ ವಂದನೆ

ಕಳೆದ ತಿಂಗಳು ಸರ್ಕಾರಿ ಪಶುವೈದ್ಯ ಸೇವೆಯಿಂದ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಹಾರ, ಶಾಲು, ಹೊಗಳಿಕೆ ಎಲ್ಲ ಆಯಿತು. ಗಂಟಲು ಕಟ್ಟಿ ನನಗೆ ಮಾತೇ ಬರಲಿಲ್ಲ. ಅವತ್ತು ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಕಲಿಸಿದ ಗುರುಗಳಿಗೆ ಮೊದಲ ನಮಸ್ಕಾರ. ಊರಲ್ಲಿ ನನ್ನನ್ನು ಕರೆಯುತ್ತಿದ್ದದ್ದು ದನದ ಡಾಕ್ಟ್ರು ಅಂತಲೇ. ಆದರೆ ನಾಯಿಗಳನ್ನು ನೋಡುವುದು ಹೇಗೆ ಅಂತ ನನಗೆ ಹೆಚ್ಚು ಕಲಿಸಿದವರು ಅವುಗಳನ್ನು ಸಾಕಿದವರೇ. ಕೆಲಸದ ಮೊದಲ ವರ್ಷಗಳಲ್ಲಿ ಬಾಗಲಕೋಟೆ ಕಡೆ ಇದ್ದೆ. ಅಲ್ಲಿಯದೇ ತಳಿಯಾದ ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಅಲ್ಲಿನ ಕುರಿಗಾರರಿಗೆ ಮಾತ್ರ ಅದು ಮನೆಯ ಮಗು. "ಸಾಹೇಬ್ರ, ಮೊನ್ನಿಯಿಂದ ಓಟದಾಗ ಹಿಂದ ಬೀಳತೈತ್ರಿ" ಅಂತ ಹಿರಿಯರೊಬ್ಬರು ತಮ್ಮ ನಾಯಿ ತಂದರು. ಊಟ ಬಿಟ್ಟಿರಲಿಲ್ಲ, ಜ್ವರವೂ ಜಾಸ್ತಿ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಉಣ್ಣೆ ಜ್ವರ, ಅಂದರೆ ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ. ಅಷ್ಟು ಬೇಗ ಗುರುತಿಸಿದ್ದು ಅವರು, ನಾನಲ್ಲ.

ಉಣ್ಣೆ ಜ್ವರದಲ್ಲಿ ಒಸಡು ಬಿಳಚಿಕೊಳ್ಳುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತದೆ. ಉಣ್ಣೆಯಿಂದ ಬರುವ ರೋಗಗಳಲ್ಲೂ ಬೇರೆ ಬೇರೆ ಬಗೆಗಳಿವೆ, ಔಷಧಿಯೂ ಬೇರೆ. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಸಾಮಾನ್ಯವಾಗಿ 28 ದಿನ ಮಾತ್ರೆ ಕೊಡಬೇಕು. ನಾಲ್ಕೈದು ದಿನಕ್ಕೇ ನಾಯಿ ಬಾಲ ಅಲ್ಲಾಡಿಸಿಕೊಂಡು ಉಣ್ಣತೊಡಗುತ್ತದೆ. ಆಮೇಲೂ ಬಿಡದೆ ಕೊನೆಯ ಮಾತ್ರೆವರೆಗೂ ಕೊಟ್ಟವರಿಗೆಲ್ಲ ನನ್ನ ವಂದನೆ. ಅದು ಸಣ್ಣ ಕೆಲಸ ಅಲ್ಲವೇ ಅಲ್ಲ. ಬೀದಿನಾಯಿಗೂ ಬನ್ನಿನಲ್ಲಿ ಮಾತ್ರೆ ಇಟ್ಟು ತಿಂಗಳಿಡೀ ಕೊಟ್ಟ ಹೂ ಮಾರುವ ಅಮ್ಮ, ನಿಮ್ಮನ್ನು ಮರೆಯೋಕಾಗಲ್ಲ.

ನಾಯಿಮರಿಗಳ ಕರುಳಿಗೆ ಬರುವ ವೈರಸ್ ರೋಗ ಪಾರ್ವೋ ನೆನಪಾದರೆ ಈಗಲೂ ಮೈ ನಡುಗುತ್ತದೆ. ಮೊದಲು ಮರಿ ಊಟ ಬಿಡುತ್ತದೆ. ಆಮೇಲೆ ವಾಂತಿ, ರಕ್ತಭೇದಿ. ವೈರಸ್ಸನ್ನೇ ಕೊಲ್ಲುವ ಔಷಧಿ ನಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲ. ಮೈಯಿಂದ ಹೋದ ನೀರನ್ನು ಡ್ರಿಪ್‌ನಲ್ಲಿ ತುಂಬುತ್ತಾ, ವಾಂತಿ ತಡೆಯುತ್ತಾ, ಬೇರೆ ಸೋಂಕು ಸೇರದಂತೆ ನೋಡಿಕೊಳ್ಳಬೇಕು. ಅಷ್ಟು ಹೊತ್ತು ಮರಿಯ ಪುಟ್ಟ ಕಾಲು ಅಲುಗದಂತೆ ಹಿಡಿದು ಕೂತವರು ನಮ್ಮ ಆಸ್ಪತ್ರೆಯ ಸಹಾಯಕರು. ಸಂಬಳಕ್ಕಾಗಿ ಯಾರೂ ಹಾಗೆ ಕೂರುವುದಿಲ್ಲ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕೇ ಪ್ರತಿ ಸಲವೂ ನೆಲವನ್ನು ಬ್ಲೀಚಿಂಗ್ ಹಾಕಿ ತೊಳೆದವರೂ ಅವರೇ. ಮರಿಗಳು ಬದುಕಿ ಉಳಿದದ್ದರಲ್ಲಿ ಅವರ ಪಾಲು ನನ್ನದಕ್ಕಿಂತ ದೊಡ್ಡದು.

ಮೆಡಿಕಲ್ ಶಾಪಿನ ಅಣ್ಣನಿಗೂ ಧನ್ಯವಾದ. ನಾಯಿ ಕುಂಟುತ್ತಿದೆ, ಮನುಷ್ಯರ ನೋವಿನ ಮಾತ್ರೆ ಐಬುಪ್ರೊಫೆನ್ ಕೊಡಿ ಅಂತ ಯಾರಾದರೂ ಕೇಳಿದರೆ ಕೊಡದೆ ನನಗೆ ಫೋನ್ ಮಾಡುತ್ತಿದ್ದರು. ಆ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಅವರ ಒಂದು ಫೋನಿನಿಂದ ಎಷ್ಟೋ ಜೀವ ಉಳಿದಿವೆ.

ರೇಬೀಸ್ ಲಸಿಕೆಗೆ ಬೆಳ್ಳಂಬೆಳಗ್ಗೆ ಬಲೆ ಹಿಡಿದು ಬೀದಿ ಬೀದಿ ಸುತ್ತಿದ ಹುಡುಗರೇ, ಊರಿನ 100 ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಅಂತ ನಾನು ಹೇಳಿದ್ದನ್ನು ನೀವು ಹಟಕ್ಕೆ ತೆಗೆದುಕೊಂಡಿರಿ. ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ಹಾಕಬೇಡಿ, ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಕೂಡಲೇ ಇಂಜೆಕ್ಷನ್‌ಗೆ ಹೋಗಿ ಅಂತ ಮನೆಮನೆಗೆ ಹೇಳಿದ ಆಶಾ ಕಾರ್ಯಕರ್ತೆಯರೇ, ನೀವು ಕಾಪಾಡಿದ್ದು ಮನುಷ್ಯರನ್ನು.

ನಡುರಾತ್ರಿ ಫೋನ್ ಬಂದಾಗ ಗೊಣಗದೆ ಟಾರ್ಚು ಹುಡುಕಿ ಕೈಗೆ ಕೊಟ್ಟ ನನ್ನ ಹೆಂಡತಿಗೆ ಏನು ಹೇಳಲಿ? ಅವಳಿಗೆ ಎದುರಿಗೇ ಹೇಳುತ್ತೇನೆ.

ನಮ್ಮ ಆಸ್ಪತ್ರೆಗೆ ಈಗ ಹೊಸ ಡಾಕ್ಟರಮ್ಮ ಬಂದಿದ್ದಾರೆ. ಮರಿ ತಂದಿದ್ದರೆ ಅದಕ್ಕೆ ಆರೆಂಟು ವಾರ ವಯಸ್ಸಾದಾಗ ಮೊದಲ ಲಸಿಕೆ ಹಾಕಿಸಿ. ಆಮೇಲೆ 16 ವಾರ ಆಗುವವರೆಗೆ ಅವರು ಹೇಳಿದ ದಿನ ತಪ್ಪಿಸಬೇಡಿ. ಬೆದೆ ಮುಗಿದು ತಿಂಗಳಾದ ಮೇಲೆ ಹೆಣ್ಣುನಾಯಿ ವಿಪರೀತ ನೀರು ಕುಡಿಯುತ್ತಿದ್ದರೆ ಕಾಯಬೇಡಿ, ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ನನಗೆ ಹೇಳುತ್ತಿದ್ದ ಹಾಗೆ ಅವರಿಗೂ ಎಲ್ಲ ಬಿಡಿಸಿ ಹೇಳಿ. ಎಷ್ಟು ತಿಂತು, ಎಲ್ಲಿ ಮಲಗಿತು, ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಅಂತ.