ನಿಮ್ಮಪ್ಪನ ಜೊತೆ ಚೌಕಾಬಾರ ಆಡಿ ಬಂದೆ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅಪ್ಪ ಟ್ಯಾಬ್ ಬಳಸುತ್ತಿದ್ದಾರಾ ಅಂತ. ಬರೆದೇ ಹೇಳೋಣ ಅಂತ ಕೂತಿದ್ದೇನೆ, ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಬಳಸುತ್ತಿದ್ದಾರೆ ಕಣೋ. ದಿನಾ ಸಂಜೆ ಕಾಫಿ ಲೋಟ ಇಡುವುದು ಅದರ ಮೇಲೇ.

ನೀನು ಹಾಕಿಕೊಟ್ಟ ಮೆದುಳಿನ ಆಟವನ್ನು ನಾಲ್ಕು ದಿನ ಆಡಿದರಂತೆ. "ಬಣ್ಣದ ಚೌಕ ಒತ್ತಿದರೆ ಚಪ್ಪಾಳೆ ಹೊಡೆಯುತ್ತೆ, ನಾನೇನು ಎಲ್‌ಕೆಜಿ ಮಗುವೇನೋ?" ಅಂದರು. ನಮ್ಮ ಕ್ಲಾಸಿಗೆಲ್ಲ ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸಿದ ಮೇಷ್ಟ್ರು ಅವರು. ಅವರಿಗೆ ಚಪ್ಪಾಳೆ ಹೊಡೆಸಿದ್ದೀಯಲ್ಲೋ ನೀನು!

ನಿನ್ನ ಆತಂಕ ಸುಳ್ಳಲ್ಲ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ನನ್ನ ಮಗಳ ಹೆಸರು ಒಂದೇ ಸಂಜೆ ಮೂರು ಸಲ ಕೇಳಿದರು. ಆದರೆ ಎರಡು ಸಲ ನಾನು ಹೇಳಿದ್ದು ಅವರಿಗೆ ಕೇಳಿಸಿಯೇ ಇರಲಿಲ್ಲ, ಸುಮ್ನೆ ತಲೆಯಾಡಿಸಿದ್ದರು ಅಷ್ಟೆ. ಮೂರನೇ ಸಲ ಹತ್ತಿರ ಕೂತು ಬಲಗಿವಿಗೆ ಹೇಳಿದೆ. ಆಮೇಲೆ ಹೊರಡುವಾಗ ಹೆಸರು ಹಿಡಿದೇ "ಕರ್ಕೊಂಡು ಬಾ" ಅಂದರು. ಹಾಗಾಗಿ ಮೊದಲು ಕಿವಿ ತೋರಿಸು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ತಂಡ 2024ರಲ್ಲಿ, ಸರಿಪಡಿಸಿಕೊಂಡರೆ ಮರೆವಿನ ಕಾಯಿಲೆಯ ಸಾಧ್ಯತೆ ಕಡಿಮೆ ಮಾಡಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಬಿಪಿ, ಸಕ್ಕರೆ, ಸಿಗರೇಟಿನ ಜೊತೆ ಕಿವಿ ಮಂದವಾಗುವುದೂ, ಯಾರ ಒಡನಾಟವೂ ಇಲ್ಲದೆ ಒಂಟಿಯಾಗುವುದೂ ಅದರಲ್ಲಿದೆ. ಕಿವಿ ಕೇಳದಿದ್ದರೆ ಮಾತು ನಿಲ್ಲುತ್ತೆ, ಮಾತು ನಿಂತರೆ ಜನ ಬರುವುದು ನಿಲ್ಲುತ್ತೆ, ಮನೆಯಲ್ಲಿ ಉಳಿಯುವುದು ಟೀವಿ ಒಂದೇ, ಅದೂ ಜೋರಾಗಿ.

ಸರಿ, ಭಾನುವಾರದ ಕಥೆ ಹೇಳುತ್ತೇನೆ. ಬರುವಾಗ ಒಂದು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಬಂದಿದ್ದೆ. ಏನೂ ಹೇಳದೆ ಪಡಸಾಲೆಯ ನೆಲದ ಮೇಲೆ ಚೌಕಾಬಾರದ ಮನೆ ಬರೆಯಲು ಶುರುಮಾಡಿದೆ. ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ಐದು ಮನೆ. ಮೇಷ್ಟ್ರು ಪೇಪರ್ ಇಳಿಸಿ ನೋಡಿದರು, ಮತ್ತೆ ಎತ್ತಿಕೊಂಡರು. ನಾನು ಬೇಕಂತಲೇ ಒಂದು ಕಟ್ಟೆಗೆ, ಅಂದರೆ ಕಾಯಿಗೆ ಅಪಾಯವಿಲ್ಲದ ಮನೆಗೆ, ಅಡ್ಡಗೆರೆ ಹಾಕುವುದನ್ನು ಬಿಟ್ಟೆ. ತಡೆಯಲಾಗಲಿಲ್ಲ ನೋಡು ಅವರಿಗೆ. "ಲೋ, ಆ ಕಡೆ ಮನೆಗೆ ಕಾಟು ಯಾರು ಹಾಕ್ತಾರೆ, ನಿಮ್ಮಜ್ಜ ಬರ್ತಾನಾ?"

ಅಮ್ಮ ಒಳಗಿಂದ ಹುಣಸೆ ಬೀಜ ತಂದರು. ಮೇಷ್ಟ್ರೇ ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ನಾಲ್ಕು ಬೀಜದ ಒಂದೊಂದು ಮಗ್ಗುಲನ್ನು ಬೆಳ್ಳಗಾಗುವವರೆಗೆ ಉಜ್ಜಿದರು. ಉಜ್ಜುತ್ತಾ ಉಜ್ಜುತ್ತಾ ನಿಯಮ ಹೇಳಿದರು, ನನಗೆ ಗೊತ್ತಿಲ್ಲದವನ ಹಾಗೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಗರ, ಅಂದರೆ ಇನ್ನೊಮ್ಮೆ ಬೀಜ ಹಾಕುವ ಅವಕಾಶ, ಉಂಟು. ಎದುರಾಳಿಯ ಒಂದಾದರೂ ಕಾಯಿ ಕಡಿಯದೆ, ಅಂದರೆ ಹೊಡೆದು ಹೊರಹಾಕದೆ, ಒಳಮನೆಗೆ ಕಾಲಿಡುವ ಹಾಗಿಲ್ಲ.

ಆಟ ಶುರುವಾದ ಮೇಲೆ ನನಗೆ ಅರ್ಥವಾಯಿತು, ಇದು ಗರ ಬಿದ್ದಷ್ಟು ಮನೆ ಸರಿಯುವ ಆಟ ಅಲ್ಲವೇ ಅಲ್ಲ. ಹೊರಗಿನ ಸುತ್ತಿನಲ್ಲಿ 16 ಮನೆ, ಒಳಗೆ 8, ನಡುವೆ ಒಂದು. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದರ ಉಲ್ಟಾ. ನಾಲ್ಕು ಕಾಯಲ್ಲಿ ಯಾವುದನ್ನು ನಡೆಸಬೇಕು, ಯಾವುದನ್ನು ಕಟ್ಟೆಯಲ್ಲೇ ಬಚ್ಚಿಡಬೇಕು, ಹಿಂದಿನಿಂದ ಬರುವ ನನ್ನ ಕಾಯಿಗೆ ಮೂರು ಬಿದ್ದರೆ ಅಪಾಯವೋ ಎರಡು ಬಿದ್ದರೋ, ಇಷ್ಟನ್ನೂ ಒಂದೇ ಉಸಿರಿನಲ್ಲಿ ಲೆಕ್ಕ ಹಾಕಬೇಕು, ಜೊತೆಗೆ ನನ್ನನ್ನು ಬೈಯಲೂ ಬೇಕು. ಅವರು ಎಲ್ಲವನ್ನೂ ಮಾಡಿದರು. ನಾನು ಒಂದು ಮನೆ ಜಾಸ್ತಿ ಎಣಿಸಿದ್ದನ್ನು ಕನ್ನಡಕದ ಮೇಲಿಂದಲೇ ಹಿಡಿದರು. ಬೆಳಗಿನ ಮಾತ್ರೆ ತಗೊಂಡರೋ ಇಲ್ಲವೋ ಅವರಿಗೆ ನೆನಪಿರಲಿಲ್ಲ. ನಾನಿನ್ನೂ ಕಡಿದಿಲ್ಲ ಅನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು.

ನೀನು ಇಂಜಿನಿಯರ್, ಪುರಾವೆ ಕೇಳುತ್ತೀಯ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಜನರನ್ನು ಐದು ವರ್ಷದಷ್ಟು ಕಾಲ ಗಮನಿಸಿ 2003ರಲ್ಲಿ ವರದಿ ಮಾಡಿದ್ದರು. ಓದುವವರು, ಮಣೆಯಾಟ ಆಡುವವರು, ವಾದ್ಯ ನುಡಿಸುವವರು, ಡ್ಯಾನ್ಸ್ ಮಾಡುವವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಆಟ ಆಡಿದ್ದಕ್ಕೆ ತಲೆ ಚುರುಕಾಗಿತ್ತೋ, ತಲೆ ಚುರುಕಾಗಿದ್ದಕ್ಕೆ ಆಟ ಆಡುತ್ತಿದ್ದರೋ, ಅದನ್ನು ಆ ಲೆಕ್ಕ ಪೂರ್ತಿ ಬಿಡಿಸುವುದಿಲ್ಲ. ಹಾಗಾಗಿ ಚೌಕಾಬಾರ ಔಷಧಿ ಅಂತ ನಾನು ಹೇಳುತ್ತಿಲ್ಲ. ಆದರೆ ನಿನ್ನ ಆಪ್ ಕೂಡ ಔಷಧಿ ಅಲ್ಲ. 2016ರಲ್ಲಿ ಅಮೆರಿಕದಲ್ಲಿ ಇಂಥದೇ ಒಂದು ಕಂಪನಿ, ನಮ್ಮ ಆಟ ಆಡಿದರೆ ಮರೆವು ತಡೆಯಬಹುದು ಅಂತ ಜಾಹೀರಾತು ಕೊಟ್ಟು, ಸರ್ಕಾರದ ಕೈಗೆ ಸಿಕ್ಕಿಬಿದ್ದು 20 ಲಕ್ಷ ಡಾಲರ್ ಕಟ್ಟಬೇಕಾಯಿತು. ಒಂದೇ ಬಗೆಯ ಕಸರತ್ತು ಮಾಡಿದರೆ ಆ ಕಸರತ್ತಿನಲ್ಲೇ ಜಾಣರಾಗುತ್ತೇವೆ, ಅಷ್ಟೇ ಹೆಚ್ಚಾಗಿ ಕಾಣುವುದು. ನಮ್ಮತ್ತೆ ಸುಡೊಕು ಐದು ನಿಮಿಷಕ್ಕೆ ಮುಗಿಸುತ್ತಾರೆ, ಗ್ಯಾಸ್ ಆರಿಸುವುದು ಮರೆಯುತ್ತಾರೆ.

ಇನ್ನೊಂದು ವಿಷಯ ನಿನಗೆ ಇಷ್ಟವಾಗಬಹುದು. ಹೈದರಾಬಾದಿನಲ್ಲಿ ಮರೆವಿನ ಕಾಯಿಲೆಯ 648 ಜನರನ್ನು ನೋಡಿದಾಗ, ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಕಾಯಿಲೆ ಹೀಗೇ ತಡವಾಗಿ ಬಂದಿತ್ತು. 2013ರಲ್ಲಿ ಬಂದ ವರದಿ ಇದು. ಮೇಷ್ಟ್ರು ಸೈಕಲ್ ಶಾಪಿನವರ ಹತ್ತಿರ ಉರ್ದು, ಹೂವಿನವರ ಹತ್ತಿರ ತಮಿಳು ಆಡುತ್ತಿದ್ದರು, ನೆನಪಿದೆಯಾ? ಈಗ ಹೂವು, ತರಕಾರಿ ಎಲ್ಲ ಆರ್ಡರ್ ಮಾಡಿದರೆ ಬಾಗಿಲಿಗೇ ಬರುತ್ತೆ. ಆ ಆರ್ಡರ್ ಮಾಡುವುದು ನೀನೇ, ಅಲ್ಲಿಂದ. ದಯವಿಟ್ಟು ಹೂವಿನ ಆರ್ಡರ್ ಒಂದು ನಿಲ್ಲಿಸು, ಅವರೇ ಹೋಗಿ ತರಲಿ.

ಅವತ್ತಿಗೆ ಆಟ ನಿಲ್ಲಿಸುವ ಹೊತ್ತಿಗೆ ಮಾತು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಯಿತು. ನಮ್ಮನ್ನೆಲ್ಲ ಸಾಲಾಗಿ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಆಟದ ಮನೆಗಳ ಚಿತ್ರ ತೋರಿಸಿದ್ದರಲ್ಲ. 1831ರಲ್ಲಿ ಬ್ರಿಟಿಷರು ಮೈಸೂರಿನ ರಾಜ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. ಆಗ ಅವರಿಗೆ 37ರ ಆಸುಪಾಸು. ಆಮೇಲೆ 1868ರವರೆಗೆ ಬದುಕಿದ್ದರು. ಚದುರಂಗದ ಕುದುರೆ ಒಂದು ಮನೆಗೂ ಎರಡು ಸಲ ಕಾಲಿಡದೆ ಮಣೆಯೆಲ್ಲ ಸುತ್ತುವ ದಾರಿ ಹುಡುಕಿದವರು, ಇಸ್ಪೀಟಿನಂಥ ಗಂಜೀಫಾ ಎಲೆಗಳಿಗೆ ಹೊಸ ಹೊಸ ಆಟ ಕಟ್ಟಿದವರು. "ರಿಟೈರ್ ಆದ ರಾಜ ಕಣೋ ಅವರು," ಅಂದು ಮೇಷ್ಟ್ರು ನಕ್ಕರು. "ನನ್ನ ಪಿಂಚಣಿ ಕಮ್ಮಿ, ಅದೊಂದೇ ವ್ಯತ್ಯಾಸ." ಎಷ್ಟು ದಿನದ ಮೇಲೆ ನಕ್ಕರೋ ಅಂತ ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

ನೀನೂ ಆಡಬಹುದು. ಪದಬಂಧದ ಪುಟವನ್ನು ಅಮ್ಮನ ಕೈಯಲ್ಲಿ ಫೋಟೋ ತೆಗೆಸಿ ತರಿಸಿಕೋ, ನೀನೊಂದು ಕಡೆ ಅವರೊಂದು ಕಡೆ ಬಿಡಿಸಿ, ಭಾನುವಾರ ಜಗಳ ಆಡಿ. ಬೇಕಂತ ಸೋಲಬೇಡ, ಅವರಿಗೆ ತಕ್ಷಣ ಗೊತ್ತಾಗುತ್ತೆ. ನಾನು ಒಂದು ಸಲ ಹಾಗೆ ಮಾಡಲು ಹೋಗಿ ಉಗಿಸಿಕೊಂಡೆ.

ನೆಲ ಒರೆಸುವವರಿಗೆ ಆ ಮನೆಗಳನ್ನು ಅಳಿಸಬೇಡಿ ಅಂತ ಮೇಷ್ಟ್ರೇ ಹೇಳಿದ್ದಾರಂತೆ. ಇವತ್ತು ಸಂಜೆ ಮತ್ತೆ ಹೋಗುತ್ತೇನೆ. ಅವರ ಮೂರು ಕಾಯಿ ಆಗಲೇ ನಡುಮನೆ ಸೇರಿ ಹಣ್ಣಾಗಿವೆ, ನನ್ನ ಎರಡು ಇನ್ನೂ ಕಟ್ಟೆಯಲ್ಲೇ ಕೂತಿವೆ.

ನಿನ್ನ,
ಹಿಂದಿನ ಬೆಂಚಿನವನು