ಪುಟ್ಟಿ ಅಂಜನಾದ್ರಿ ಹತ್ತಲಿ, ಅವ್ವಾ

ಟೊರಾಂಟೊ
ಡಿಸೆಂಬರ್ 8

ಅವ್ವ, ಅಪ್ಪ ಇಬ್ಬರಿಗೂ ನಮಸ್ಕಾರ.

ನಾವಿಲ್ಲಿ ಆರಾಮ. ಗವಿಮಠದ ಜಾತ್ರೆಗೆ ಕೊಪ್ಪಳಕ್ಕೆ ಬರಲು ಟಿಕೆಟ್ ಆಗಿದೆ. ಅವ್ವಾ, ಮೊನ್ನೆ ಫೋನಿನಲ್ಲಿ ನೀನಂದ ಮಾತು ಮನಸ್ಸಿನಿಂದ ಹೋಗಲೊಲ್ಲದು. "ಕೂಸಿಗೆ ಸಕ್ರಿ ಕಾಯಿಲೆ ಐತಿ, ಅಂಜನಾದ್ರಿ ಹತ್ತಸಬ್ಯಾಡ, ಕೆಳಗ ನನ್ನ ಕೂಡ ಕುಂದ್ರಲಿ" ಅಂದೆ. ಪುಟ್ಟಿ ಕೇಳಿಸಿಕೊಂಡಳು. ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಇಬ್ಬರೂ ಅಳುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಓದಿ ಹೇಳಲಿ.

ನಿನ್ನ ಸಕ್ಕರೆ ಕಾಯಿಲೆ ಬೇರೆ, ಅವಳದು ಬೇರೆ. ನಿನ್ನ ಮೈಯಲ್ಲಿ ಇನ್ಸುಲಿನ್ ಇದೆ, ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅವಳ ಮೈಯಲ್ಲಿ ಅದನ್ನು ಮಾಡುವ ಜೀವಕೋಶಗಳೇ ಹೋಗಿವೆ. ಸಿಹಿ ತಿಂದು ಬಂದದ್ದಲ್ಲ, ಯಾರ ತಪ್ಪೂ ಅಲ್ಲ. ಚುಚ್ಚಿದ ಇನ್ಸುಲಿನ್ ಒಳಗಿರುವಾಗ ಓಡಿದರೆ, ಅದೂ ಸಕ್ಕರೆ ಇಳಿಸುತ್ತದೆ, ದುಡಿಯುವ ಸ್ನಾಯುಗಳೂ ರಕ್ತದ ಸಕ್ಕರೆಯನ್ನು ತಾವಾಗಿ ಎಳೆದುಕೊಳ್ಳುತ್ತವೆ. ಆಗ ಸಕ್ಕರೆ ತೀರಾ ಕೆಳಗಿಳಿಯಬಹುದು. ನಿನ್ನ ಹೆದರಿಕೆ ಸುಳ್ಳಲ್ಲ.

ಹೋದ ವರ್ಷ ನಾನೂ ಹೆದರಿದ್ದೆ. ಒಂದು ಸಂಜೆಯೆಲ್ಲ ಹಿಮದಲ್ಲಿ ಆಡಿ ಬಂದಳು, ಉಂಡಳು, ಮಲಗಿದಳು. ಆಗ ಎಲ್ಲ ಸರಿಯಿತ್ತು. ರಾತ್ರಿ 2 ಗಂಟೆಗೆ ತೋಳಿಗೆ ಅಂಟಿಸಿದ, ಸಕ್ಕರೆ ಅಳೆಯುವ ಸೆನ್ಸರ್ ಕೂಗಿತು. ನೋಡಿದರೆ 3.1. ಇಲ್ಲಿಯ ಲೆಕ್ಕವನ್ನು 18ರಿಂದ ಗುಣಿಸಿದರೆ ನಿನ್ನ ಮೀಟರಿನ ಲೆಕ್ಕ ಬರುತ್ತದೆ, ಅಂದರೆ 56, ತೀರಾ ಕಮ್ಮಿ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಎಬ್ಬಿಸಿ ಹಣ್ಣಿನ ರಸ ಕುಡಿಸಿ, ಮತ್ತೆ ನೋಡುವವರೆಗೆ 15 ನಿಮಿಷ ಅವಳ ಕೈ ಹಿಡಿದು ಕೂತೆ. ಆಟದಲ್ಲಿ ಖಾಲಿಯಾದ ಸಕ್ಕರೆಯ ದಾಸ್ತಾನನ್ನು ಸ್ನಾಯುಗಳು ರಾತ್ರಿಯಿಡೀ ತುಂಬಿಕೊಳ್ಳುತ್ತವಂತೆ. ಆಡಿದ ದಿನದ ರಾತ್ರಿಯೇ ಹೆಚ್ಚು ಹುಷಾರಿರಬೇಕೆಂದು ಡಾಕ್ಟರು ಹೇಳಿದರು. ಆಮೇಲೆ ಒಂದು ತಿಂಗಳು ಅವಳನ್ನು ಆಟಕ್ಕೇ ಬಿಡಲಿಲ್ಲ ನಾನು. ಕಿಟಕಿಯಲ್ಲಿ ಕೂತು ಬೇರೆ ಮಕ್ಕಳನ್ನು ನೋಡುತ್ತಿದ್ದಳು. ಅದು ನನ್ನ ತಪ್ಪು, ಅವ್ವಾ. ಆಡಿದರೆ ಇನ್ಸುಲಿನ್ ಮೈಗೆ ಚೆನ್ನಾಗಿ ಹತ್ತುತ್ತದೆ. ಎಲ್ಲ ಮಕ್ಕಳ ಹಾಗೆ ಅವಳಿಗೂ ದಿನಕ್ಕೆ 60 ನಿಮಿಷ ಮೈ ಬೆವರಬೇಕು.

ಗುಡ್ಡ ಹತ್ತುವ ದಿನ ಬೆಳಗಿನ ಇನ್ಸುಲಿನ್ ಎಷ್ಟು ಕಮ್ಮಿ ಮಾಡಬೇಕೆಂದು ಡಾಕ್ಟರ ಹತ್ತಿರ ಬರೆಸಿಕೊಂಡಿದ್ದೇನೆ. ಅವತ್ತು ತೊಡೆಗೆ ಚುಚ್ಚುವುದಿಲ್ಲ, ದುಡಿಯುವ ಕಾಲಿನಿಂದ ಅದು ಬೇಗ ರಕ್ತಕ್ಕೆ ಸೇರುತ್ತದೆ, ಹೊಟ್ಟೆಗೆ. ಸಕ್ಕರೆ 126ರಿಂದ 180ರ ಒಳಗಿದ್ದರೆ ಹೊರಡೋಣ, ಕೆಳಗಿದ್ದರೆ ಏನಾದರೂ ತಿನ್ನಿಸಿ. 250 ದಾಟಿ ಕೀಟೋನ್ (ಇನ್ಸುಲಿನ್ ಸಾಲದಾಗ ಮೈ ಕೊಬ್ಬು ಕರಗಿಸಿ ಹುಟ್ಟಿಸುವ ಆಮ್ಲ) ಕೂಡ ಹೆಚ್ಚಿದ್ದರೆ ಗುಡ್ಡ ಇನ್ನೊಂದು ದಿನ. ಮೆಟ್ಟಿಲು 575, ನಡುವೆ ಕೂತು ಮತ್ತೊಮ್ಮೆ ನೋಡೋಣ. ಅಪ್ಪನ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಅವಳ ಕೈ ನಡುಗಿದರೆ, ಕಾರಣವಿಲ್ಲದೆ ಸಿಟ್ಟು ಮಾಡಿದರೆ ಎರಡು ಚಮಚ ನೀರಿಗೆ ಕಲಸಿ ಕೊಡಲಿ. "ಸಕ್ರಿ ಕಾಯಿಲೆ ಇದ್ದಾಕಿಗೆ ಸಕ್ರಿ ಏನು?" ಎಂದು ತಡೆಯಬೇಡ, ಆ ಹೊತ್ತಿಗೆ ಅದೇ ಔಷಧ. ಎಚ್ಚರ ತಪ್ಪಿದರೆ ಮಾತ್ರ ಬಾಯಿಗೆ ಏನೂ ಹಾಕಬಾರದು. ಅದಕ್ಕೆ ಬೇರೆ ಮದ್ದು ನನ್ನ ಚೀಲದಲ್ಲಿರುತ್ತದೆ. ದಾಸೋಹದ ಮಾದಲಿಯನ್ನೂ ತಿನ್ನಲಿ, ಎಷ್ಟು ತಿಂದಳೆಂದು ನನಗೆ ಹೇಳಿದರೆ ಸಾಕು.

1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟದ್ದು ನಾವಿರುವ ಈ ಊರಿನಲ್ಲೇ. ಅದಕ್ಕೂ ಮೊದಲು ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ದಿನ ಎಣಿಸುತ್ತಿದ್ದರು. ಆ ಆಸ್ಪತ್ರೆಯ ಮುಂದೆ ಹಾಯುವಾಗೆಲ್ಲ ಕೈ ಮುಗಿಯುತ್ತೇನೆ.

ಫ್ರಿಜ್ಜಿನಲ್ಲಿ ಇನ್ಸುಲಿನ್‌ಗೆ ಸ್ವಲ್ಪ ಜಾಗ ಮಾಡಿಡು. ಐಸಿನ ಖಾನೆಯಲ್ಲಿ ಬೇಡ, ಹೆಪ್ಪುಗಟ್ಟಿದರೆ ಕೆಡುತ್ತದೆ.

ನಿನ್ನ ಮೊಣಕಾಲು ನೋವು ಹೇಗಿದೆ? ಅಜ್ಜಿಯೂ ಹತ್ತುತ್ತಾಳಾ ಎಂದು ಪುಟ್ಟಿ ಕೇಳುತ್ತಿದ್ದಾಳೆ.

ನಿನ್ನ ಮಗಳು