ಬ್ಯಾಂಡಿನ ಹಾಳೆಯಲ್ಲಿ ಒತ್ತಿನ ಗುರುತೂ ಇರಲಿ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವದ ಮೆರವಣಿಗೆಗಾಗಿ ಬೆಳಗಾವಿಯ ಶಾಲಾ ಬ್ಯಾಂಡುಗಳು ತಾಲೀಮು ನಡೆಸುತ್ತಿರುವ ಈ ದಿನಗಳಲ್ಲಿ, ಕಂಪ್ಯೂಟರಿನಲ್ಲಿ ಸ್ವರಲಿಪಿ ಸಿದ್ಧಪಡಿಸಿ ಶಾಲೆಗಳಿಗೆ ಕಳಿಸುವವರ ಗಮನಕ್ಕೆ ಒಂದು ವಿಷಯ ತರಬಯಸುತ್ತೇನೆ.

ಕಳೆದ ವರ್ಷ ನಮಗೆ ಬಂದ ಸೈಡ್ ಡ್ರಮ್ ಹಾಳೆಯಲ್ಲಿ ಎಂಟು ಬಾರ್‌ಗಳ (ನಿಗದಿತ ಮಾತ್ರೆಗಳ ಖಂಡಗಳ) ತುಂಬ ಬರೀ ಓರೆಗೆರೆಗಳಿದ್ದವು. ಈ ಸ್ಲ್ಯಾಷ್ ಬರಹ ತಪ್ಪೇನಲ್ಲ. ನುಡಿಸುವವನು ಲಯ ಕಾಯ್ದುಕೊಂಡು ತನ್ನ ಕೈಯಿಂದಲೇ ತುಂಬಿಕೊಳ್ಳಲಿ ಎಂದು ಪ್ರತಿ ಮಾತ್ರೆಗೊಂದರಂತೆ ಸ್ವರ ಬರೆಯುವ ಐದು ಗೆರೆಗಳ ನಡುಗೆರೆಯ ಮೇಲೆ ಅದನ್ನು ಹಾಕುವುದುಂಟು. ಆದರೆ ಎಲ್ಲಿ ಒತ್ತಿ ಬಾರಿಸಬೇಕು, ಎಲ್ಲಿ ಮೊಟಕುಗೊಳಿಸಬೇಕು ಎಂಬ ಗುರುತು ಒಂದೂ ಇರಲಿಲ್ಲ. ಹುಡುಗರು ಎಂಟೂ ಬಾರ್‌ಗಳನ್ನು ತಗಡಿನ ಮೇಲೆ ಮಳೆ ಬಿದ್ದಂತೆ ಒಂದೇ ಸಮನೆ ಬಾರಿಸಿದರು. ತಬಲಾ ಕಲಿಯಲು ಬಂದ ಮೊದಲ ದಿನವೇ ತೀನತಾಲದ 16 ಮಾತ್ರೆ ಬರೆದುಕೊಟ್ಟು, ಆವರ್ತನ ಶುರುವಾಗುವ ಒತ್ತಿನ ಮಾತ್ರೆಯಾದ ಸಮ್ ಎಲ್ಲಿದೆ ಎಂದು ಹೇಳದೆ ಬಿಟ್ಟಂತಾಯಿತು.

ವಿಚಾರಿಸಿದರೆ, ಬರೆದವರು ಒತ್ತುಗಳನ್ನು ಹಾಕಿಯೇ ಇದ್ದರು. ಅವರ ತಂತ್ರಾಂಶದಲ್ಲಿ ಸ್ಲ್ಯಾಷ್ ಶೈಲಿಯು ಮೂಲ ಸ್ವರಗಳನ್ನು ಅಳಿಸದೆ ಮರೆಮಾಡುತ್ತದೆ. ಅವಕ್ಕೆ ಅಂಟಿಕೊಂಡ ಚಿಹ್ನೆಗಳು ಕಾಣಬೇಕಾದರೆ ಬೇರೆಯೇ ಒಂದು ಟಿಕ್ ಹಾಕಬೇಕಿತ್ತು. ಅದು ಬಿಟ್ಟುಹೋಗಿತ್ತು.

ಟಿಕ್ ಹಾಕಿದ ಮಾತ್ರಕ್ಕೂ ಎಲ್ಲ ಸರಿಹೋಗುವುದಿಲ್ಲ. ನಾಲ್ಕು ಮಾತ್ರೆಯ ಬಾರ್‌ನಲ್ಲಿ ನಾಲ್ಕೇ ಓರೆಗೆರೆ. ಎರಡನೆಯ ಮಾತ್ರೆಯ ಉತ್ತರಾರ್ಧದಲ್ಲಿ ಬೀಳುವ ಒತ್ತಿಗೆ ಕೂರಲು ಗೆರೆಯೇ ಇರುವುದಿಲ್ಲ. (ಕವಾಯತು ಬ್ಯಾಂಡಿನ ಸೊಗಸೆಲ್ಲ ಇರುವುದು ಹೆಚ್ಚಾಗಿ ಅಲ್ಲಿಯೇ.) ಅಂಥಲ್ಲಿ ಸ್ವರದ ಕಾಲಮಾನ ತೋರಿಸುವ ಕಡ್ಡಿಯಿರುವ ಸ್ಲ್ಯಾಷ್‌ಗಳೇ ಬೇಕು. ಹಣ ಕೊಡದೆ ಸಿಗುವ ಸ್ವರಲಿಪಿ ತಂತ್ರಾಂಶ ಮ್ಯೂಸ್‌ಸ್ಕೋರ್‌ನಲ್ಲಿ ಮೊದಲು ಸ್ವರ, ಒತ್ತು, ಮೊಟಕಿನ ಚುಕ್ಕೆಗಳನ್ನು ಎಂದಿನಂತೆ ಬರೆದು, ಬಾರ್‌ಗಳನ್ನು ಆಯ್ದು, ಟೂಲ್ಸ್ ಮೆನುವಿನಲ್ಲಿರುವ ‘ಟಾಗಲ್ ರಿದಮಿಕ್ ಸ್ಲ್ಯಾಷ್ ನೊಟೇಶನ್’ ಒತ್ತಿದರೆ, ಸ್ವರಗಳ ಕಾಲಮಾನ ಹಾಗೆಯೇ ಉಳಿದು ತಲೆಗಳಷ್ಟೇ ಓರೆಗೆರೆಗಳಾಗುತ್ತವೆ, ಚಿಹ್ನೆಗಳು ಜಾಗ ಬಿಡುವುದಿಲ್ಲ. ಅದರ ಪಕ್ಕದ ‘ಫಿಲ್ ವಿತ್ ಸ್ಲ್ಯಾಷಸ್’ ಮಾತ್ರೆಗೊಂದು ಗೆರೆ ತುಂಬುತ್ತದೆ, ಅಷ್ಟೇ.

ಆದ್ದರಿಂದ ಹಾಳೆ ಕಳಿಸುವವರು ಪಿಡಿಎಫ್ ಒಂದನ್ನೇ ಕಳಿಸದೆ ತಿದ್ದಲು ಬರುವ ಮ್ಯೂಸಿಕ್‌ಎಕ್ಸ್‌ಎಂಎಲ್ ಸ್ವರಲಿಪಿ ಫೈಲನ್ನೂ ಜೊತೆಗೆ ಕಳಿಸಬೇಕೆಂದು ಕೋರುತ್ತೇನೆ. ಬೇರೆ ತಂತ್ರಾಂಶ ಬಳಸುವವರೂ ಅದನ್ನು ತೆರೆಯಬಹುದಾದ್ದರಿಂದ, ಬಿಟ್ಟುಹೋದ ಒತ್ತುಗಳನ್ನು ತಾಲೀಮಿಗೆ ಮುಂಚೆ ನಾವೇ ಸೇರಿಸಿಕೊಳ್ಳುತ್ತೇವೆ. ಕಳೆದ ವರ್ಷ ಇಪ್ಪತ್ತೆರಡು ಪ್ರತಿಗಳ ಮೇಲೆ ಕೆಂಪು ಪೆನ್ನಿನಿಂದ ಹಾಕಬೇಕಾಯಿತು.

– ಶಾಲಾ ಬ್ಯಾಂಡ್ ತರಬೇತುದಾರ, ಟಿಳಕವಾಡಿ, ಬೆಳಗಾವಿ